ಒತ್ತಕ್ಷರಕ್ಕೆ ಜಾಗ

— ಮಾವ, ಮೂರು ಮುಖಪುಟ ಮಾಡಿದ್ದೇನೆ. ಒಂದು ನಾವು ರೆಕಾರ್ಡ್ ಮಾಡಿದ ಹಾಡುಗಳಿಗೆ, ಒಂದು ಅದೇ ಹಾಡುಗಳ ಪುಸ್ತಕಕ್ಕೆ, ಇನ್ನೊಂದು ನಮ್ಮ ಶಾಲೆಯ ಮಕ್ಕಳ ಕೈಬರಹದ ಪತ್ರಿಕೆಗೆ. ಮೂರೂ ಫೋನಿನಲ್ಲೇ ಮಾಡಿದ್ದು. ನೀವು ಅಷ್ಟು ವರ್ಷ ಸ್ಕ್ರೀನ್ ಪ್ರಿಂಟಿಂಗ್ ಮಾಡಿದವರು, ನೋಡಿ ಹೇಳಿ.

— ಮೂರರಲ್ಲೂ ಅದೇ ಸಂಜೆ ಸೂರ್ಯ, ಅದೇ ಕೊಡ ಹೊತ್ತ ಹೆಂಗಸಿನ ನೆರಳು. ಯಾವ ಊರಿನವಳಮ್ಮ ಇವಳು?

— ಯಾವ ಊರೋ. ಆ್ಯಪ್‌ನಲ್ಲಿ ಸಿದ್ಧವಾಗಿ ಸಿಕ್ಕ ಚಿತ್ರ. ಹಳ್ಳಿ ಅಂತ ಹುಡುಕಿದೆ, ಇದು ಬಂತು.

— ಹಾಡಿದವರು ಯಾರು?

— ನಮ್ಮ ಕೇರಿಯ ಹೆಂಗಸರು. ಬೀಸುವ ಪದ, ಸೋಬಾನೆ, ನಾಟಿ ಹಾಡು ಎಲ್ಲ ಇವೆ. ‘ಹಿತ್ತಲ ಹಾಡು’ ಅಂತ ಹೆಸರು. ಜಗಲಿಯಲ್ಲಿ ಗಂಡಸರು ಕೂತಿರುತ್ತಿದ್ದರು, ನಾವು ಹಾಡಿಕೊಂಡಿದ್ದೆಲ್ಲ ಹಿತ್ತಲಲ್ಲೇ ಅಂತ ಅವರಲ್ಲಿ ಹಿರಿಯರೊಬ್ಬರು ಹೇಳಿದರು. ಅದನ್ನೇ ಇಟ್ಟೆವು.

— ಎಷ್ಟು ಒಳ್ಳೆಯ ಹೆಸರು! ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ಸೂರ್ಯನ ಕೆಳಗೆ ಸಣ್ಣ ಬಿಳಿ ಅಕ್ಷರದಲ್ಲಿ ಮೂಲೆಗೆ ಹಾಕಿದ್ದೀಯ. ಮೊದಲು ಆ ಹೆಸರನ್ನು ಒಂದು ಕಾಗದದ ಮೇಲೆ ದೊಡ್ಡದಾಗಿ ಬರೆ. ಚಿತ್ರ ಬೇಕೋ ಬೇಡವೋ ಆಮೇಲೆ ನೋಡೋಣ.

— ಮುಖಪುಟ ಅಂದರೆ ಚಿತ್ರವೇ ಅಲ್ಲವಾ ಮಾವ? ಮೊದಲು ಕಣ್ಣಿಗೆ ಬೀಳುವುದು ಅದೇ ತಾನೆ?

— ದೂರದಿಂದ ಕಣ್ಣಿಗೆ ಬೀಳುವುದು ಬಣ್ಣ. ಹತ್ತಿರ ಬಂದರೆ ಹೆಸರು. ಕೈಗೆ ತಗೊಂಡ ಮೇಲೆ ಚಿತ್ರ. ಗ್ರಾಮಫೋನ್ ಪ್ಲೇಟುಗಳ ಕಥೆ ಕೇಳು. ಅಮೆರಿಕದಲ್ಲಿ ಅವು ಬಹಳ ಕಾಲ ಕಂದು ಇಲ್ಲವೇ ಬೂದು ರಟ್ಟಿನ ಆಲ್ಬಮ್ಮಿನೊಳಗೆ ಬರುತ್ತಿದ್ದವು, ಬೆನ್ನಿನ ಮೇಲೆ ಹೆಸರು ಅಷ್ಟೆ. ಆ ವ್ಯಾಪಾರದವರೇ ಅವನ್ನು ಗೋರಿಕಲ್ಲು ಅನ್ನುತ್ತಿದ್ದರು. ಅಲೆಕ್ಸ್ ಸ್ಟೈನ್‌ವೈಸ್ ಅಂತ ಇಪ್ಪತ್ತು ದಾಟಿದ ಹುಡುಗ ಕೊಲಂಬಿಯಾ ಕಂಪನಿಗೆ ಸೇರಿ, 1940ರಲ್ಲಿ ರಾಜರ್ಸ್ ಮತ್ತು ಹಾರ್ಟ್ ಜೋಡಿಯ ಹಾಡುಗಳಿಗೆ ಮೊದಲ ಚಿತ್ರದ ಹೊದಿಕೆ ಮಾಡಿದ. ಏನು ಚಿತ್ರ ಗೊತ್ತಾ? ನ್ಯೂಯಾರ್ಕಿನ ಒಂದು ನಾಟಕಮಂದಿರದ ಮುಂದೆ ದೀಪದ ಫಲಕ ಇತ್ತು. ಅದರಲ್ಲಿದ್ದ ಹೆಸರು ತೆಗೆಸಿ, ತನ್ನ ಆಲ್ಬಮ್ಮಿನ ಹೆಸರು ಹಾಕಿಸಿ, ಫೋಟೋ ತೆಗೆಸಿದ. ಆ ಮೊದಲ ಚಿತ್ರದ ಒಳಗೆ ಇದ್ದದ್ದೂ ಅಕ್ಷರವೇ.

— ಅವರಿಗೆ ಇಂಗ್ಲಿಷ್ ಅಕ್ಷರ. ಎಲ್ಲ ಒಂದೇ ಎತ್ತರ, ಸಾಲಾಗಿ ನಿಲ್ಲಿಸಿದರೆ ಆಯಿತು. ನಮ್ಮ ಅಕ್ಷರ ದೊಡ್ಡದು ಮಾಡಿದರೆ ಒಂದರ ಕಾಲು ಇನ್ನೊಂದರ ತಲೆಗೆ ತಾಗುತ್ತದೆ. ಅದಕ್ಕೇ ಚಿಕ್ಕದು ಮಾಡಿ ಮೂಲೆಗೆ ಹಾಕಿದ್ದು.

— ತಾಗಲಿ. ಎಲ್ಲಿ ತಾಗುತ್ತದೆ ಅಂತ ನೋಡುವುದರಲ್ಲೇ ನಮ್ಮ ಕೆಲಸ ಇರುವುದು. ಬಂಗಾಳಿಯಲ್ಲಿ ‘ಏಕ್ಷಣ್’ ಅಂತ ಒಂದು ಸಾಹಿತ್ಯ ಪತ್ರಿಕೆ ಇತ್ತು. 1961ರಲ್ಲಿ ಶುರುವಾದದ್ದು, ನಟ ಸೌಮಿತ್ರ ಚಟರ್ಜಿ ಮತ್ತು ನಿರ್ಮಾಲ್ಯ ಆಚಾರ್ಯ ಸಂಪಾದಕರು. ಮುಖಪುಟ ಸತ್ಯಜಿತ್ ರೇ ಮಾಡಿಕೊಡುತ್ತಿದ್ದರು. ಬಂಗಾಳಿಯಲ್ಲಿ ಬರೆದರೆ ಆ ಹೆಸರಿಗೆ ಮೂರೇ ಅಕ್ಷರ. ರೇ ಆ ಮೂರನ್ನೇ ಇಟ್ಟುಕೊಂಡು ಸಂಚಿಕೆಯಿಂದ ಸಂಚಿಕೆಗೆ ಬೇರೆ ಬೇರೆ ರೂಪ ಕೊಟ್ಟರು. ಒಮ್ಮೆ ದಪ್ಪ, ಒಮ್ಮೆ ಗೀರು ಗೀರು, ಒಮ್ಮೆ ಪುಟ ತುಂಬ, ಒಮ್ಮೆ ಒಂದರ ಮೈಗೆ ಒಂದು ಒರಗಿಕೊಂಡು. ಚಿತ್ರ ಬರೆಯಲು ಬಾರದವರಲ್ಲ ಅವರು. ಸಿನಿಮಾಕ್ಕೆ ಬರುವ ಮೊದಲೇ ಸಿಗ್ನೆಟ್ ಪ್ರೆಸ್ಸಿಗೆ ಎಷ್ಟೋ ಪುಸ್ತಕಗಳ ಮುಖಪುಟ, ಒಳಚಿತ್ರ ಮಾಡಿದ್ದರು. ಆದರೂ ಇಲ್ಲಿ ಅಕ್ಷರ ಸಾಕು ಅಂದುಕೊಂಡರು. ಬಂಗಾಳಿಯಲ್ಲೂ ಕೂಡಕ್ಷರ ಇದೆ, ಮೇಲಿನ ಗೆರೆ ಇದೆ. ಆ ತೊಡಕುಗಳನ್ನೆಲ್ಲ ಅವರು ಚಿತ್ರಕ್ಕೆ ದುಡಿಸಿಕೊಂಡರು.

— ಸರಿ, ‘ಹಿತ್ತಲ ಹಾಡು’ ಬರೆದೆ. ಎರಡು ಸಾಲಲ್ಲಿ.

— ಈಗ ಓದಬೇಡ, ಬರೀ ನೋಡು. ಮೇಲಿನ ಸಾಲಿನಲ್ಲಿ ಮೂರು ಅಕ್ಷರ. ಮೊದಲನೆಯದರ ತಲೆ ಮೇಲೆ ಗುಡಿಸು, ಅದು ಮೇಲಕ್ಕೆ ಜಾಗ ಕೇಳುತ್ತದೆ. ನಡುವಿನದಕ್ಕೆ ತ ಒತ್ತು, ಅದು ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಸಾಲಿನಲ್ಲಿ ಎರಡೇ ಅಕ್ಷರ. ಹಾ ಪಕ್ಕಕ್ಕೆ ಚಾಚುತ್ತದೆ, ಡು ಕೊಂಬು ಎತ್ತಿಕೊಂಡು ಬಲಕ್ಕೆ ಹೋಗುತ್ತದೆ. ಫೋನು ಏನು ಮಾಡಿದೆ? ಒತ್ತು ತಾಗಬಾರದು ಅಂತ ಎರಡು ಸಾಲನ್ನೂ ದೂರ ದೂರ ಇಟ್ಟಿದೆ. ಹೆಸರು ಎರಡು ತುಂಡಾಗಿದೆ. ನೀನು ಕೈಯಲ್ಲಿ ಬರೆದಿರುವುದರಲ್ಲಿ ನೋಡು, ಮೂರಕ್ಷರದ ನಡುವಿಂದ ಇಳಿದ ಒತ್ತು ಎರಡಕ್ಷರದ ನಡುವಿನ ಸಂದಿಗೆ ಬರುತ್ತಿದೆ. ಕೆಳಗಿನ ಸಾಲನ್ನು ಒಂದಿಷ್ಟು ಸರಿಸಿ ಮೇಲಕ್ಕೆ ತಂದರೆ ಆ ಒತ್ತು ಹಾ ಮತ್ತು ಡು ಮಧ್ಯೆ ಕೂತುಬಿಡುತ್ತದೆ.

— ಅಯ್ಯೋ, ಹೌದಲ್ಲ! ಎರಡು ಸಾಲೂ ಕೊಂಡಿ ಹಾಕಿದ ಹಾಗಾಯಿತು.

— ಈ ಹೆಸರಿಗೆ ಮಾತ್ರ ಆಗುವ ಜೋಡಣೆ ಅದು. ಇನ್ನೊಂದು ಪುಸ್ತಕಕ್ಕೆ ಬರುವುದಿಲ್ಲ. ಆ್ಯಪ್‌ನಲ್ಲಿ ಸಿಕ್ಕ ಸೂರ್ಯ ಯಾರ ಪುಸ್ತಕಕ್ಕೆ ಬೇಕಾದರೂ ಬರುತ್ತಾನೆ. ನಾನು ಅಕ್ಷರ, ಅಕ್ಷರ ಅಂತ ಹಟ ಹಿಡಿಯುವುದು ಇದಕ್ಕೇ.

— ಫಾಂಟುಗಳೂ ಈಗ ಮೊದಲಿನ ಹಾಗಿಲ್ಲ ಮಾವ. ನಾನು ಹಾಕಿದ್ದು ಬಲೂ ತಮ್ಮ. ಮುಂಬಯಿಯ ಎಕ್ ಟೈಪ್ ಅನ್ನುವವರು ಮಾಡಿದ್ದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ದುಂಡಗೆ ಎಷ್ಟು ಚೆನ್ನಾಗಿದೆ.

— ಚೆನ್ನಾಗಿಯೇ ಇದೆ. ಒಳ್ಳೆಯ ಫಾಂಟು ಮಾಡುವವರ ಶ್ರಮ ದೊಡ್ಡದು. ಒಂದೊಂದು ಒತ್ತಿಗೂ, ಒಂದೊಂದು ಕಾಗುಣಿತಕ್ಕೂ ಅವರು ಕೂತು ಯೋಚಿಸಿರುತ್ತಾರೆ. ಹಿಂದೆ ಡಿಟಿಪಿ ಬಂದ ಹೊಸದರಲ್ಲಿ ಒಂದು ಯಂತ್ರದಲ್ಲಿ ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಅಕ್ಷರವೆಲ್ಲ ಚೂರು ಚೂರು. ಈಗಲೂ ಕೆಲವು ಚಿತ್ರದ ತಂತ್ರಾಂಶಗಳಲ್ಲಿ ಸರಿಯಾದ ಆಯ್ಕೆ ಮಾಡಿಕೊಳ್ಳದಿದ್ದರೆ ಒತ್ತು ಬಿಡಿಸಿಕೊಂಡು ಪಕ್ಕಕ್ಕೆ ಬಂದು ನಿಲ್ಲುತ್ತದೆ, ಹಾಗೇ ಅಚ್ಚಾಗಿ ಹೋಗುವುದೂ ಉಂಟು. ಒಳಗಿನ ಪುಟಕ್ಕೆ ಫಾಂಟು ಬೇಕೇಬೇಕು. ಆದರೆ ಮುಖಪುಟದ ಹೆಸರು ಐದೇ ಅಕ್ಷರ. ಐದಕ್ಷರ ಕೈಯಲ್ಲಿ ಬರೆಯಲು ಏನು ಕಷ್ಟ?

— ನನ್ನ ಕೈಬರಹ ಚೆನ್ನಾಗಿಲ್ಲ.

— ಕೈಬರಹ ಬೇರೆ, ಅಕ್ಷರ ಕಟ್ಟುವುದು ಬೇರೆ. ಓಡುವ ಕೈ ಬೇಡ ಇಲ್ಲಿ. ಬೋರ್ಡು ಬರೆಯುವವರು ಹೇಗೆ ಮಾಡುತ್ತಾರೆ ಅಂದರೆ, ಮೊದಲು ನಾಲ್ಕು ಗೆರೆ ಎಳೆದುಕೊಳ್ಳುತ್ತಾರೆ. ನಡುವಿನ ಪಟ್ಟಿ ಅಕ್ಷರದ ಹೊಟ್ಟೆಗೆ, ಮೇಲಿನದು ಗುಡಿಸು, ಏತ್ವಕ್ಕೆ, ಕೆಳಗಿನದು ಒತ್ತಿಗೆ. ಚಪ್ಪಟೆ ಕುಂಚ ಹಿಡಿದು ಒಂದೇ ಓರೆಯಲ್ಲಿ ಎಳೆದರೆ ದಪ್ಪ, ಸಣ್ಣ ತಾನಾಗಿ ಬರುತ್ತದೆ. ಕುಂಚವನ್ನು ಬೆರಳಲ್ಲಿ ತಿರುಗಿಸಬಾರದು, ಅದೊಂದು ನೆನಪಿಟ್ಟುಕೋ. ಬೇಕಾದ ಅಳತೆಗಿಂತ ಮೂರು ಪಟ್ಟು ದೊಡ್ಡದಾಗಿ ಬರೆ, ಜೆರಾಕ್ಸಿನಲ್ಲಿ ಚಿಕ್ಕದು ಮಾಡಿಸು. ಕೈ ನಡುಗಿದ್ದು, ಅಂಚು ಒರಟಾದದ್ದು ಎಲ್ಲ ಅಡಗಿಹೋಗುತ್ತದೆ. ಒರಟೇ ಬೇಕು ಅನ್ನಿಸಿದರೆ ಉಲ್ಟಾ ಮಾಡು. ಮಾರ್ಕರ್ ಪೆನ್ನಿನಲ್ಲಿ ಚಿಕ್ಕದಾಗಿ ಬರೆದು ಜೆರಾಕ್ಸಿನಲ್ಲಿ ದೊಡ್ಡದು ಮಾಡಿಸು. ಕಾಗದದ ನಾರು ಶಾಯಿ ಹೀರಿದ್ದೂ ಕಾಣುತ್ತದೆ. ಬೀಸುವ ಪದಕ್ಕೆ ಅದು ಹೊಂದೀತು ಅಂತ ನನಗೆ ಅನ್ನಿಸುತ್ತದೆ.

— ಮಾರ್ಕರಿನಲ್ಲಿ ಬರೆದು ಜೆರಾಕ್ಸ್ ಮಾಡಿದ್ದನ್ನು ಮುಖಪುಟ ಅಂತ ಯಾರಾದರೂ ಒಪ್ಪುತ್ತಾರಾ?

— 1976ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಪೆರಿ ಅಂತ ಒಬ್ಬ ಬ್ಯಾಂಕ್ ಗುಮಾಸ್ತ ಇದ್ದ. ಪಂಕ್ ಸಂಗೀತ ಆಗಷ್ಟೇ ಎದ್ದಿತ್ತು, ಅದರ ಬಗ್ಗೆ ಬರೆಯುವವರಿಲ್ಲ. ಟೈಪ್‌ರೈಟರಿನಲ್ಲಿ ಒಳಪುಟ ಕುಟ್ಟಿದ, ದಪ್ಪ ಫೆಲ್ಟ್ ಪೆನ್ನಿನಲ್ಲಿ ‘ಸ್ನಿಫಿನ್ ಗ್ಲೂ’ ಅಂತ ಹೆಸರು ಗೀಚಿದ, ಜೆರಾಕ್ಸ್ ಮಾಡಿ ಮೂಲೆಗೆ ಪಿನ್ನು ಹೊಡೆದ. ಶುರುವಾದಾಗ ಐವತ್ತರಷ್ಟು ಪ್ರತಿ, ಒಂದು ವರ್ಷದೊಳಗೆ ಸಾವಿರಗಟ್ಟಲೆ. ಆ ಸಂಗೀತ ಇದ್ದದ್ದೂ ಹಾಗೇ, ಮೂರು ಸ್ವರಮೇಳ ಕಲಿತವರು ವೇದಿಕೆ ಹತ್ತುತ್ತಿದ್ದರು. ಹೊದಿಕೆಯೂ ಅದೇ ಮಾತನ್ನು ಹೇಳಿತು. ಚೆಂದದ ಅಚ್ಚಿನಲ್ಲಿ ಬಂದಿದ್ದರೆ ಸುಳ್ಳಾಗುತ್ತಿತ್ತು.

— ಅದು ಅವರಿಗೆ ಹೊಂದಿತು. ನಮ್ಮ ಹಾಡು ಹಾಗೆ ಕೂಗುವುದಿಲ್ಲ.

— ಅದೂ ಸರಿಯೇ. ಹಾಗಾದರೆ ಸನ್ ರಾ ಮಾಡಿದ್ದು ನಿನಗೆ ಹತ್ತಿರವಾದೀತು. ಅಮೆರಿಕದ ಕಪ್ಪು ಜನರ ಜಾಝ್ ಸಂಗೀತಗಾರ, ತಾನು ಶನಿಗ್ರಹದವನು ಅಂತ ಹೇಳಿಕೊಂಡು ಬದುಕಿದವನು. ದೊಡ್ಡ ಕಂಪನಿಗಳನ್ನು ಕಾಯುತ್ತ ಕೂರದೆ 1950ರ ದಶಕದಲ್ಲಿ ಶಿಕಾಗೋದಲ್ಲಿ ಗೆಳೆಯ ಆಲ್ಟನ್ ಏಬ್ರಹಾಮ್ ಜೊತೆ ಸ್ಯಾಟರ್ನ್ ಅನ್ನುವ ತಮ್ಮದೇ ಲೇಬಲ್ ತೆಗೆದ. ತಟ್ಟೆ ಒತ್ತಿಸಲು ದುಡ್ಡು ಹೊಂದಿಸಿದರೆ ಹೊದಿಕೆ ಅಚ್ಚು ಹಾಕಿಸಲು ಉಳಿಯದು. ಎಷ್ಟೋ ಸಲ ಬಿಳಿ ರಟ್ಟಿನ ಹೊದಿಕೆ ತಂದು, ವಾದ್ಯ ನುಡಿಸುವವರೇ ಕೂತು ಪೆನ್ನಿನಲ್ಲಿ, ಬಣ್ಣದಲ್ಲಿ ಬರೆದರು, ಕಾಗದ ಅಂಟಿಸಿದರು. ಕಛೇರಿ ಮುಗಿದ ಮೇಲೆ ಅಲ್ಲೇ ಮಾರಿದರು. ಒಂದೇ ಸಂಗೀತ, ಆದರೆ ಪ್ರತಿಯೊಂದರ ಮುಖ ಬೇರೆ. ಈಗ ಅವನ್ನು ಸಂಗ್ರಹಿಸುವವರು ಭಾರೀ ಬೆಲೆ ಕೊಡುತ್ತಾರಂತೆ. ಆ ಬೆಲೆಯ ಮಾತು ಬಿಡು, ನನಗೆ ಮುಖ್ಯ ಅನ್ನಿಸುವುದು ನುಡಿಸಿದ ಕೈಯೇ ಹೊದಿಕೆಯನ್ನೂ ಬರೆಯಿತು ಅನ್ನುವುದು. ನಿನ್ನ ಹಾಡುಗಾರ್ತಿಯರಲ್ಲಿ ಯಾರಾದರೂ ಹಸೆ ಬರೆಯುತ್ತಾರಾ?

— ಇಬ್ಬರು ಬರೆಯುತ್ತಾರೆ. ಮದುವೆ ಮನೆಗಳಿಗೆ ಅವರನ್ನೇ ಕರೆಯುವುದು. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ.

— ಇದನ್ನು ಮೊದಲೇ ಯಾಕೆ ಹೇಳಲಿಲ್ಲ? ಹೊರಗಿನ ಚಿತ್ರ ಹುಡುಕಿಕೊಂಡು ಹೋದೆಯಲ್ಲ, ಮನೆಯಲ್ಲೇ ಕಲಾವಿದರಿದ್ದಾರೆ! ಅವರನ್ನೇ ಕೇಳು. ಆದರೆ ಹಸೆ ಚಿತ್ತಾರವನ್ನು ಇಡಿಯಾಗಿ ತೆಗೆದು ಹೊದಿಕೆಗೆ ಹಾಸಬೇಡ. ಅದು ಮದುವೆ ಗೋಡೆಯದು, ಅದಕ್ಕೆ ಅದರದೇ ಅರ್ಥ, ಅದರದೇ ಕ್ರಮ. ಹಿತ್ತಲಿಗೆ ಏನು ಬರೆಯಬಹುದು ಅಂತ ಅವರೇ ಹೇಳಲಿ. ಬಟ್ಟೆ ಒಗೆಯುವ ಕಲ್ಲೋ, ಬಸಳೆ ಚಪ್ಪರವೋ, ಏನೂ ಬೇಡ ಬರೀ ಬೇಲಿ ಸಾಕು ಅಂತಲೋ.

— ನೀವು ಹೇಳುವುದರಲ್ಲಿ ಒಂದು ತೊಡಕಿದೆ ಮಾವ. ಒಂದೊಂದು ಪ್ರತಿ ಒಂದೊಂದು ಥರ ಇದ್ದರೆ ಓದುವವರಿಗೆ ಇದು ಅದೇ ಪುಸ್ತಕ ಅಂತ ಹೇಗೆ ಗೊತ್ತಾಗಬೇಕು? ಅಂಗಡಿಯವರು ಹೇಗೆ ಹುಡುಕುತ್ತಾರೆ?

— ಒಳ್ಳೆಯ ಪ್ರಶ್ನೆ. ಇದಕ್ಕೆ ಅರ್ಜೆಂಟೀನಾದವರು ಒಂದು ದಾರಿ ಹುಡುಕಿದ್ದಾರೆ. 2001ರಲ್ಲಿ ಆ ದೇಶದ ಹಣಕಾಸು ಕುಸಿದುಬಿತ್ತು. ಕೆಲಸ ಹೋದವರು ರಾತ್ರಿ ಬೀದಿಯಲ್ಲಿ ರಟ್ಟು ಆಯ್ದು ಗುಜರಿಗೆ ಮಾರಿ ಬದುಕುವಂತಾಯಿತು. 2003ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಾಷಿಂಗ್ಟನ್ ಕುಕುರ್ತೊ ಅನ್ನುವ ಕವಿ, ಹಾವಿಯರ್ ಬಾರಿಲಾರೊ, ಫರ್ನಾಂಡ ಲಗೂನ ಅನ್ನುವ ಕಲಾವಿದರು ಸೇರಿ ‘ಎಲೊಯಿಸಾ ಕಾರ್ತೊನೇರಾ’ ಅಂತ ಪ್ರಕಾಶನ ಶುರುಮಾಡಿದರು. ಆಯುವವರಿಂದ ರಟ್ಟನ್ನು ಗುಜರಿಗಿಂತ ಹೆಚ್ಚು ಬೆಲೆಗೆ ಕೊಂಡರು. ಅದನ್ನೇ ಕತ್ತರಿಸಿ ಹೊದಿಕೆ ಮಾಡಿದರು, ಮೇಲೆ ಕೊರೆಯಚ್ಚು ಇಟ್ಟು ಗಾಢ ಬಣ್ಣದಲ್ಲಿ ಹೆಸರು ಬಳಿದರು. ಒಳಗೆ ಸಾಧಾರಣ ಪ್ರತಿ ಮಾಡಿದ ಹಾಳೆಗಳು. ರಿಕಾರ್ಡೊ ಪಿಗ್ಲಿಯಾ, ಸೀಸರ್ ಐರಾರಂಥ ದೊಡ್ಡ ಲೇಖಕರು ತಮ್ಮ ಬರಹ ಕೊಟ್ಟರು. ಒಂದು ಪ್ರತಿ ಇನ್ನೊಂದರ ಹಾಗಿಲ್ಲ. ಆದರೆ ಪ್ರತಿಯೊಂದೂ ರಟ್ಟು, ಪ್ರತಿಯೊಂದರಲ್ಲೂ ಕೈಯಲ್ಲಿ ಬಳಿದ ದಪ್ಪ ಅಕ್ಷರ. ಬದಲಾಗದ ಎರಡು ಸಂಗತಿ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟರು. ಆಮೇಲೆ ಲೀಮಾ, ಸಾವೊ ಪೌಲೊ ಎಲ್ಲ ಕಡೆ ಅಂಥ ಪ್ರಕಾಶನಗಳು ಹುಟ್ಟಿಕೊಂಡವು.

— ಅಂದರೆ ನಾವು ಅಕ್ಷರವನ್ನು ಬದಲಿಸದೆ, ಬಣ್ಣ ಬದಲಿಸುತ್ತ ಹೋಗಬಹುದು.

— ಹೌದು. ನಾಲ್ಕು ಬಗೆಯ ಬಣ್ಣದ ಕಾಗದ ತಂದರೂ ಸಾಕು, ಶಾಯಿ ಒಂದೇ. ಹಾಂ, ಕೋಲ್ಕತ್ತದ ಪಿ. ಲಾಲ್ ಅವರನ್ನೂ ಹೇಳಬೇಕು. 1958ರಿಂದ ರೈಟರ್ಸ್ ವರ್ಕ್‌ಶಾಪ್ ಅಂತ ಮನೆಯಿಂದಲೇ ಪ್ರಕಾಶನ ನಡೆಸಿದರು. ಇಂಗ್ಲಿಷಿನಲ್ಲಿ ಬರೆಯುವ ಭಾರತೀಯರ ಎಷ್ಟೋ ಮೊದಲ ಪುಸ್ತಕ ಅವರು ತಂದದ್ದು. ಹೊದಿಕೆಗೆ ಕೈಮಗ್ಗದ ಸೀರೆ ಬಟ್ಟೆ. ಅದರ ಮೇಲೆ ಹೆಸರು, ಅದೂ ಅವರದೇ ಕೈಯ ಕ್ಯಾಲಿಗ್ರಫಿ. ಬಟ್ಟೆ ಯಾವುದೇ ಇರಲಿ, ಅದು ಲಾಲ್ ಅವರ ಪುಸ್ತಕ ಅಂತ ಬೀರುವಿನಲ್ಲಿ ದೂರದಿಂದಲೇ ಗೊತ್ತಾಗುತ್ತದೆ.

— ನಮ್ಮಲ್ಲಿ ಹೀಗೆ ಮಾಡಿದವರಿಲ್ಲವಾ?

— ಪುಸ್ತಕವನ್ನು ಮನೆ ಕೆಲಸದ ಹಾಗೆ ಮೈಮೇಲೆ ಹಾಕಿಕೊಂಡವರು ಬೇಕಾದಷ್ಟಿದ್ದಾರೆ. ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ಇಟ್ಟು ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿದರು, ನಷ್ಟವನ್ನೂ ಉಂಡರು. ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕೂತು ಬರೆದರು, ಚಿತ್ರ ಬಿಡಿಸಿದರು, ಹಕ್ಕಿಗಳ ಫೋಟೋ ತೆಗೆದರು, ಪುಸ್ತಕ ಪ್ರಕಾಶನ ನಡೆಸಿದರು, ಕೊನೆಗೆ ಕನ್ನಡ ತಂತ್ರಾಂಶಕ್ಕಾಗಿಯೂ ಜಗಳಾಡಿದರು. ಹೆಸರಿಲ್ಲದವರು ಇನ್ನೂ ಹೆಚ್ಚು. ಕಾಲೇಜು ಕಾಲೇಜಿನಲ್ಲಿ ಕೈಬರಹದ ಪತ್ರಿಕೆ ಇರುತ್ತಿತ್ತು. ಒಂದೇ ಪ್ರತಿ, ಗ್ರಂಥಾಲಯದ ಮೇಜಿನ ಮೇಲೆ. ಅದರ ಮುಖಪುಟಕ್ಕೆ ಜಲವರ್ಣ ಬಳಿಯಲು ಹುಡುಗರಲ್ಲಿ ಪೈಪೋಟಿ. ಈಗ ನಮ್ಮ ಪುಸ್ತಕ ಪ್ರಾಧಿಕಾರದವರು ಪುಸ್ತಕ ಸೊಗಸು ಅಂತ ಬಹುಮಾನ ಕೊಡುತ್ತಾರೆ, ಮುಖಪುಟಕ್ಕೂ ಇದೆ. ಒಳ್ಳೆಯ ಕೆಲಸ. ಆ ಒಂದೇ ಪ್ರತಿಯ ಪತ್ರಿಕೆಗಳನ್ನೂ ಯಾರಾದರೂ ಕಾಪಾಡಿ ಇಡಬೇಕು ಅಂತ ನನಗೆ ಬಹಳ ಆಸೆ.

— ಹಳೆಯ ಕನ್ನಡ ಪುಸ್ತಕಗಳ ಮುಖಪುಟ ಹೆಚ್ಚಾಗಿ ಗೆರೆ ಚಿತ್ರವೇ ಇರುತ್ತದಲ್ಲ, ಯಾಕೆ? ಒಂದು ಬಣ್ಣ, ಹೆಚ್ಚೆಂದರೆ ಎರಡು.

— ದುಡ್ಡಿನ ಕಾರಣ. ಅಚ್ಚು ಮೊಳೆಯ ಕಾಲದಲ್ಲಿ ಚಿತ್ರ ಬೇಕಾದರೆ ಸತುವಿನ ತಗಡಿನ ಬ್ಲಾಕ್ ಮಾಡಿಸಬೇಕು. ಫೋಟೋ ಆದರೆ ಚುಕ್ಕಿ ಚುಕ್ಕಿಯ ಹಾಫ್‌ಟೋನ್ ಬ್ಲಾಕ್. ಅದು ದುಬಾರಿ, ಒರಟು ಕಾಗದದಲ್ಲಿ ಮಸಿ ಮಸಿಯಾಗುತ್ತದೆ, ನುಣುಪು ಆರ್ಟ್ ಪೇಪರೇ ಬೇಕು. ಗೆರೆ ಚಿತ್ರದ ಬ್ಲಾಕ್ ಅಗ್ಗ, ಯಾವ ಕಾಗದಕ್ಕೂ ಆಗುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕ್, ಯಂತ್ರದ ಮೇಲೆ ಇನ್ನೊಂದು ಸಲ ಓಟ. ನನ್ನ ಸ್ಕ್ರೀನಿನಲ್ಲೂ ಅದೇ ಲೆಕ್ಕ. ಮರದ ಚೌಕಟ್ಟಿಗೆ ನೈಲಾನ್ ಬಟ್ಟೆ ಬಿಗಿದು, ಮದ್ದು ಬಳಿದು, ಬಟರ್ ಪೇಪರಿನ ಮೇಲಿನ ಕಪ್ಪು ಚಿತ್ರ ಇಟ್ಟು ಬಿಸಿಲಿಗೆ ಹಿಡಿಯಬೇಕು. ಕಪ್ಪು ಇದ್ದಲ್ಲಿ ಮದ್ದು ಗಟ್ಟಿಯಾಗುವುದಿಲ್ಲ, ನೀರಲ್ಲಿ ತೊಳೆದುಹೋಗುತ್ತದೆ, ಅಲ್ಲಿಂದ ಶಾಯಿ ಇಳಿಯುತ್ತದೆ. ಎರಡನೇ ಬಣ್ಣಕ್ಕೆ ಇನ್ನೊಂದು ಸ್ಕ್ರೀನು. ಆದ್ದರಿಂದ ಮೊದಲೇ ಕೂತು ಯೋಚಿಸುತ್ತಿದ್ದೆವು. ಕಾಗದದ ಬಣ್ಣ ಒಂದು, ಶಾಯಿ ಎರಡು, ಆ ಎರಡು ಒಂದರ ಮೇಲೊಂದು ಬಿದ್ದಲ್ಲಿ ಮೂರನೆಯದು. ಎರಡು ಶಾಯಿ ಕೊಂಡರೆ ನಾಲ್ಕು ಬಣ್ಣ ಸಿಗುತ್ತದೆ. ಎಲ್ಲಿ ಏನೂ ಅಚ್ಚಾಗಬಾರದು ಅನ್ನುವುದನ್ನೂ ಆಗಲೇ ಗೊತ್ತು ಮಾಡಬೇಕಿತ್ತು.

— ನನ್ನ ಫೋನಿನಲ್ಲಿ ಲಕ್ಷಾಂತರ ಬಣ್ಣ ಇವೆ. ಅದಕ್ಕೇ ಏನೂ ತೀರ್ಮಾನ ಆಗುವುದಿಲ್ಲ.

— ಎರಡೇ ಇವೆ ಅಂದುಕೊಂಡು ಕೂತುಕೋ. ಕೆಮ್ಮಣ್ಣು ಮತ್ತು ಬಿಳಿ. ನಿನ್ನ ಹಸೆಯವರ ಗೋಡೆಯಲ್ಲೇ ಇದೆಯಲ್ಲ.

— ಇನ್ನೊಂದು ಕೇಳಬೇಕು. ನೀವು ಯಾವಾಗಲೂ ಹೇಳುತ್ತೀರಿ, ಪುಸ್ತಕ ಓದದೆ ಮುಖಪುಟ ಮಾಡಬಾರದು, ಹಾಡು ಕೇಳದೆ ಹೊದಿಕೆ ಮಾಡಬಾರದು ಅಂತ. ಆದರೆ ಬ್ಲೂ ನೋಟ್ ಕಂಪನಿಯ ಜಾಝ್ ಹೊದಿಕೆಗಳನ್ನು ಮಾಡಿದ ರೀಡ್ ಮೈಲ್ಸ್ ಬಗ್ಗೆ ಓದಿದೆ. ಅವರಿಗೆ ಜಾಝ್ ಅಷ್ಟು ಇಷ್ಟವೇ ಇರಲಿಲ್ಲವಂತೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದವರಂತೆ. ಆದರೂ ಅಷ್ಟು ಚೆನ್ನಾಗಿ ಮಾಡಿದ್ದಾರೆ.

— ಅದು ನಿಜ. ಆದರೆ ಅವರ ಪಕ್ಕದಲ್ಲಿ ಕೇಳಿದವರಿದ್ದರು. ಫ್ರಾನ್ಸಿಸ್ ವುಲ್ಫ್ ಧ್ವನಿಮುದ್ರಣ ನಡೆಯುವಾಗ ಅಲ್ಲೇ ನಿಂತು ಫೋಟೋ ತೆಗೆಯುತ್ತಿದ್ದರು. ಆಲ್ಫ್ರೆಡ್ ಲಯನ್ ಆ ಸಂಗೀತ ಎಂಥದ್ದು ಅಂತ ಮೈಲ್ಸ್‌ಗೆ ವಿವರಿಸುತ್ತಿದ್ದರು. ಮೈಲ್ಸ್ ಆ ಫೋಟೋವನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ, ಒಂದೇ ಬಣ್ಣ ಹಾಕಿ, ಅಕ್ಷರವನ್ನು ದೊಡ್ಡದಾಗಿ ಕುಣಿಸಿದರು. ಮೂವರಲ್ಲಿ ಒಬ್ಬರಾದರೂ ಕಿವಿ ಕೊಟ್ಟು ಕೇಳಿರಬೇಕು. ನಿನ್ನ ಕೆಲಸದಲ್ಲಿ ಕೇಳಿದವಳೂ ನೀನೇ, ಕತ್ತರಿಸುವವಳೂ ನೀನೇ. ಆದ್ದರಿಂದ ಮೊದಲ ಮುಖಪುಟ ಬರೆಯುವಾಗ ಹಾಡು ಹಾಕಿಕೊಂಡು ಕೂತುಕೋ.

— ನಾನೂ ಹಾಡಿದವರ ಫೋಟೋ ತೆಗೆದಿದ್ದೇನೆ. ನಗುತ್ತಿರುವ ಮುಖಗಳು. ಅದನ್ನು ಹಾಕಲಾ?

— ಅವರನ್ನು ಕೇಳಿದ್ದೀಯಾ?

— ಫೋಟೋ ತೆಗೆಯುವಾಗ ಕೇಳಿದ್ದೆ.

— ತೆಗೆಯಲು ಒಪ್ಪುವುದು ಬೇರೆ, ಊರಿಗೆಲ್ಲ ಹಂಚಲು ಒಪ್ಪುವುದು ಬೇರೆ. ಅವರೇ ಹೇಳಿದ್ದಾರಲ್ಲ, ಹಿತ್ತಲಲ್ಲಿ ಹಾಡುತ್ತಿದ್ದೆವು ಅಂತ. ಮುಖ ತೋರಿಸಲು ಇಷ್ಟವಿದ್ದರೆ ಸಂತೋಷ, ಹೆಮ್ಮೆಯಿಂದ ಹಾಕು. ಇಲ್ಲವಾದರೆ ಬೀಸುವ ಕಲ್ಲಿನ ಗೂಟ ಹಿಡಿದ ಕೈ ಸಾಕು. ಹಾಗೆಯೇ ಆ ಸೂರ್ಯನ ಚಿತ್ರವೂ ಯಾರೋ ತೆಗೆದದ್ದು. ಆ್ಯಪ್‌ನವರು ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ ಅಂತ ಓದದೆ ಮಾರುವ ಪುಸ್ತಕಕ್ಕೆ ಹಾಕಬಾರದು. ನಮ್ಮ ಕಾಯಿದೆಯಲ್ಲಿ ಚಿತ್ರಕಾರ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ.

— ಈಗ ಕಂಪ್ಯೂಟರಿಗೆ ಹೇಳಿದರೆ ಅದೇ ಚಿತ್ರ ಬರೆದುಕೊಡುತ್ತದೆ ಮಾವ. ಅದನ್ನೂ ನೋಡಿದೆ. ಹಿತ್ತಲು ಬಂತು, ಹೆಂಗಸರು ಬಂದರು, ಕನ್ನಡ ಅಕ್ಷರ ಮಾತ್ರ ಯಾವುದೋ ಲಿಪಿಯ ಹಾಗೆ ಸುರುಳಿ ಸುತ್ತಿಕೊಂಡಿತ್ತು.

— ಅಕ್ಷರ ನಾಳೆ ಸರಿ ಬರಬಹುದು. ಆದರೆ ಆ ಹಿತ್ತಲು ಯಾರದ್ದು? ನಿನ್ನ ಕೇರಿಯದ್ದಲ್ಲವಲ್ಲ. ಅದಕ್ಕೆ ಹೇಳುವ ಬದಲು ಆ ಇಬ್ಬರು ಹಸೆಯವರಿಗೆ ಹೇಳು.

— ಹಾಡಿನ ಹೊದಿಕೆಗೆ ಇನ್ನೊಂದು ಸಮಸ್ಯೆ ಇದೆ. ಈಗ ಕ್ಯಾಸೆಟ್ಟೂ ಇಲ್ಲ, ಸಿಡಿಯೂ ಇಲ್ಲ. ಫೋನಿನಲ್ಲಿ ಕೇಳುವುದು. 3000 ಪಿಕ್ಸೆಲ್‌ನ ಚೌಕ ಕೇಳುತ್ತಾರೆ, ಆದರೆ ಕೇಳುವವರಿಗೆ ಅದು ಕಾಣುವುದು ಹೆಬ್ಬೆರಳ ಉಗುರಿನಷ್ಟು. ನೀವು ಹೇಳಿದ ಒತ್ತು, ಗುಡಿಸು ಯಾವುದೂ ಅಲ್ಲಿ ಕಾಣುವುದಿಲ್ಲ.

— ಅದನ್ನು ನೀನೇ ಬಲ್ಲೆ, ನನಗೆ ಹೊಸದು. ಎಲ್‌ಪಿ ಹೊದಿಕೆ ಒಂದಡಿ ಚೌಕ ಇತ್ತು. ಕ್ಯಾಸೆಟ್ಟಿನ ಮುಂಭಾಗ ಆರೂವರೆ ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ. ಆಗಲೇ ಎಲ್ಲವನ್ನೂ ಕಡಿಮೆ ಮಾಡಬೇಕಾಯಿತು. ಉಗುರಿನಷ್ಟಕ್ಕೆ ಏನು ಮಾಡುತ್ತೀಯ?

— ಒಂದೇ ಅಕ್ಷರ ಹಾಕಿದರೆ? ಆ ತ್ತ ಒಂದನ್ನೇ, ಚೌಕ ತುಂಬ. ಕೆಮ್ಮಣ್ಣಿನ ಮೇಲೆ ಬಿಳಿ. ಹೆಸರು ಹೇಗೂ ಫೋನು ಪಕ್ಕದಲ್ಲಿ ಬರೆದು ತೋರಿಸುತ್ತದೆ. ಪುಸ್ತಕದ ಮೇಲೆ ಪೂರ್ತಿ ಹೆಸರು, ಅದೇ ಕೈಯ ಅಕ್ಷರ.

— ಬಹಳ ಚೆನ್ನಾಗಿ ಯೋಚಿಸಿದೆ. ಎರಡೂ ಒಂದೇ ಮನೆಯವು ಅಂತ ನೋಡಿದೊಡನೆ ಗೊತ್ತಾಗುತ್ತದೆ. ನನಗೆ ಹೊಳೆದಿರಲಿಲ್ಲ ಇದು.

— ಮಕ್ಕಳ ಪತ್ರಿಕೆಗೆ ಏನು ಮಾಡೋಣ? ಒಂದೇ ಪ್ರತಿ ಸಾಲದು, ಮನೆಮನೆಗೂ ಬೇಕು ಅನ್ನುತ್ತಾರೆ ಮಕ್ಕಳು.

— ಹಳೆಯ ಎಕ್ಸ್‌ರೇ ಹಾಳೆಗಳನ್ನು ತರಲು ಹೇಳು. ಬೋರ್ಡು ಬರೆಯುವವರು ಕೊರೆಯಚ್ಚು ಮಾಡುವುದು ಅದರಲ್ಲೇ. ನೀರಿಗೆ ನೆನೆಯುವುದಿಲ್ಲ, ಒರೆಸಿ ಮತ್ತೆ ಮತ್ತೆ ಬಳಸಬಹುದು. ಸೋವಿಯತ್ ಒಕ್ಕೂಟದಲ್ಲಿ ಇದೇ ಹಾಳೆಗೆ ಇನ್ನೊಂದು ಉಪಯೋಗ ಇತ್ತು. ಎರಡನೇ ಮಹಾಯುದ್ಧದ ನಂತರ ಜಾಝ್ ಮತ್ತೆ ನಿಷಿದ್ಧದಂತಾದಾಗ, ಲೆನಿನ್‌ಗ್ರಾಡಿನ ಹುಡುಗರು ಆಸ್ಪತ್ರೆಯವರು ಬಿಸಾಡಿದ ಎಕ್ಸ್‌ರೇ ಹಾಳೆಯನ್ನು ದುಂಡಗೆ ಕತ್ತರಿಸಿ, ಅದರ ಮೇಲೆ ಹಾಡು ಕೊರೆದು ಗುಟ್ಟಾಗಿ ಮಾರುತ್ತಿದ್ದರು. ಎಲುಬಿನ ಮೇಲಿನ ಸಂಗೀತ ಅಂತ ಅದಕ್ಕೆ ಹೆಸರು. ಹೊದಿಕೆ ಬೇಕೇ ಇರಲಿಲ್ಲ, ತಟ್ಟೆಯ ಮೇಲೇ ಯಾರದೋ ಪಕ್ಕೆಲುಬು ಕಾಣುತ್ತಿತ್ತು. ಮಕ್ಕಳಿಗೆ ಈ ಕಥೆ ಹೇಳು, ಖುಷಿಪಡುತ್ತಾರೆ.

— ಕೊರೆಯುವಾಗ ಅಕ್ಷರದ ಒಳಗಿನ ಹೊಟ್ಟೆ ಉದುರಿಹೋಗುತ್ತದಲ್ಲ?

— ಸಣ್ಣ ಸೇತುವೆ ಬಿಡಬೇಕು. ಠ, ರ, ಒ, ಸೊನ್ನೆ ಇಂಥವಕ್ಕೆಲ್ಲ ಎರಡು ಕಡೆ ಸೇತುವೆ. ಮರದಲ್ಲೋ ಲಿನೋದಲ್ಲೋ ಕೆತ್ತಿದರೆ ಆ ತೊಂದರೆ ಇಲ್ಲ, ಆದರೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಬೇಕು. ಬಟರ್ ಪೇಪರಿನಲ್ಲಿ ಬರೆದು ಮಗುಚಿಹಾಕಿದರೆ ದಾರಿ ಸಿಗುತ್ತದೆ. ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಸಂತೆಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಪದ್ಯದ ಪುಸ್ತಿಕೆಗಳಿವೆ, ಕೊರ್ಡೆಲ್ ಅಂತ. ಜೆ. ಬೋರ್ಜೆಸ್ ಅನ್ನುವ ಕವಿ 1960ರ ದಶಕದಲ್ಲಿ ತನ್ನ ಪುಸ್ತಿಕೆಗೆ ಚಿತ್ರ ಮಾಡಿಸಲು ದುಡ್ಡಿಲ್ಲದೆ ತಾನೇ ಮರ ಕೆತ್ತಿದ. ಮುಂದೆ ಆ ಕೆತ್ತನೆಗಳಿಂದಲೇ ಜಗತ್ತು ಅವನನ್ನು ಬಲ್ಲಿತು. 2024ರಲ್ಲಿ ತೀರಿಕೊಂಡ. ಮಕ್ಕಳ ಕೈಗೆ ಉಳಿ ಕೊಡುವಾಗ ಮಾತ್ರ ಪಕ್ಕದಲ್ಲಿ ನಿಂತಿರು, ಕೆತ್ತುವ ದಿಕ್ಕಿನಲ್ಲಿ ಇನ್ನೊಂದು ಕೈ ಇರಬಾರದು.

— ಪುಸ್ತಕ 96 ಪುಟ ಆಗುತ್ತದೆ. ಬೆನ್ನಿಗೆ ಹೆಸರು ಹಾಕಬಹುದಾ?

— 70 ಜಿಎಸ್‌ಎಂ ಮ್ಯಾಪ್‌ಲಿಥೋ ಆದರೆ 48 ಹಾಳೆಗೆ ಬೆನ್ನು ಐದು ಮಿಲಿಮೀಟರ್ ಹತ್ತಿರ ಬಂದೀತು. ಅಷ್ಟರಲ್ಲಿ ಒತ್ತಕ್ಷರ ಹಿಡಿಸುವುದಿಲ್ಲ, ಮಡಿಕೆ ಒಂದು ಕೂದಲೆಳೆ ಸರಿದರೆ ಹೆಸರು ಮುಂಭಾಗಕ್ಕೆ ಬಂದುಬಿಡುತ್ತದೆ. ಬೆನ್ನನ್ನು ಬರೀ ಕೆಮ್ಮಣ್ಣು ಬಣ್ಣ ಬಿಡು. ಸುತ್ತ ಮೂರು ಮಿಲಿಮೀಟರ್ ಹೆಚ್ಚಿಗೆ ಬಣ್ಣ ಓಡಿಸು, ಕತ್ತರಿಸುವಾಗ ಬಿಳಿ ಅಂಚು ಇಣುಕುವುದಿಲ್ಲ. ಮುಂದಿನದು, ಬೆನ್ನು, ಹಿಂದಿನದು ಮೂರೂ ಸೇರಿ ಒಂದೇ ಹಾಳೆ ಅಂತ ನೆನೆದು ಬರೆ. ಜಿಮ್ ಕಾರ್ಬೆಟ್ಟರ ಕುಮಾಂವ್ ನರಭಕ್ಷಕರ ಪುಸ್ತಕ ಬಂಗಾಳಿಗೆ ಬಂದಾಗ ರೇ ಹೊದಿಕೆ ತುಂಬ ಹುಲಿಯ ಚರ್ಮ ಹಾಸಿದ್ದರು. ಮುಂದೆ ಗುಂಡು ಹೊಕ್ಕ ತೂತು, ಹಿಂದೆ ಹೊರಬಿದ್ದ ತೂತು, ಅದು ಹೊಕ್ಕದ್ದಕ್ಕಿಂತ ದೊಡ್ಡದು. ಗುಂಡು ಪುಸ್ತಕವನ್ನೇ ತೂರಿಕೊಂಡು ಹೋಗಿದೆ! ಹಿಂಬದಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅವರು ಅಲ್ಲಿಯೂ ಕಥೆ ಹೇಳಿದರು.

— ನಮ್ಮ ಹಿಂಬದಿಗೆ ಯಾರಾದರೂ ದೊಡ್ಡವರ ನಾಲ್ಕು ಸಾಲು ಕೇಳಿ ಹಾಕೋಣ ಅಂತಿದ್ದೆ.

— ಹಾಡಿದವರ ಹೆಸರು ಹಾಕು. ಎಲ್ಲರದೂ. ಹಸೆಯವರ ಹೆಸರು ಮುಖಪುಟ ಕಲೆ ಅಂತ ಬೇರೆಯಾಗಿ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಅವರಿಗೆ ಗೌರವಧನ ಎಷ್ಟು ಅಂತ ಕೆಲಸಕ್ಕೆ ಮೊದಲೇ ಮಾತಾಡು, ಮನೆಯವರು ಅಂತ ಸುಮ್ಮನಾಗಬೇಡ. ಅಕ್ಷರ ಬರೆದವಳು ನೀನು, ನಿನ್ನ ಹೆಸರೂ ಇರಲಿ.

— ನಾನು ಹೆಸರುಗಳ ಪಟ್ಟಿ ಮಾಡಿಕೊಂಡಿದ್ದೇನೆ. ರೇಷನ್ ಕಾರ್ಡಿನಲ್ಲಿ ಇದ್ದ ಹಾಗೆ.

— ಕಾರ್ಡಿನಲ್ಲಿ ಎಷ್ಟೋ ಸಲ ತಪ್ಪಾಗಿರುತ್ತದೆ, ಒತ್ತು ಹೋಗಿರುತ್ತದೆ, ದೀರ್ಘ ಹೋಗಿರುತ್ತದೆ. ಒಬ್ಬೊಬ್ಬರ ಹತ್ತಿರವೂ ಹೋಗಿ ಗಟ್ಟಿಯಾಗಿ ಓದಿ ಹೇಳು. ಅವರು ಹೂಂ ಅಂದಮೇಲೆ ಪ್ರೂಫಿಗೆ ಸಹಿ ಹಾಕು.